ಭುವನಗಿರಿ ಬಂಡೆಯ ಮೇಲೆ ಗಂಗವ್ವ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ತೆಲುಗು ನಾಡಿನಲ್ಲಿ ನಾವಿರುವ ಕುಷಾಯಿಗೂಡದಿಂದ ಉಪ್ಪಲ್‌ಗೆ ಬಂದು ಭುವನಗಿರಿಯ ಬಸ್ಸು ಹಿಡಿದೆವು. ನಾನು, ಪಕ್ಕದ ಮನೆಯ ಶಿವಾನಂದ, ಅವನ ತಾಯಿ ಗಂಗವ್ವ. ಒಂದು ಗಂಟೆಯ ಹಾದಿ. ಸ್ವೆಟರ್ ಬೇಕೆನಿಸದಂಥ ಚಳಿ. ಗಂಗವ್ವನಿಗೆ ಕಾಲು ಗಟ್ಟಿ, ನೆನಪು ಸಡಿಲ. ತನ್ನೂರ ಕಡೆಯ ಸವದತ್ತಿ ಗುಡ್ಡ ಹತ್ತಬೇಕೆಂದು ತಿಂಗಳಿಂದ ಹಟ ಹಿಡಿದಿದ್ದಳು. ಯಾವ ಗುಡ್ಡವಾದರೇನು ಎಂದು ಶಿವಾನಂದ ಇಲ್ಲಿಗೆ ಹೊರಡಿಸಿದ್ದ. ಜೊತೆಗೆ ಹೆಂಗಸೊಬ್ಬಳಿರಲಿ ಎಂದು ನನ್ನನ್ನು ಕರೆದ. ಬೇಡಪ್ಪಾ ಎನ್ನಬೇಕಿತ್ತು, ಎನ್ನಲಿಲ್ಲ.

ಅಲ್ಲಿಯ ಕೋಟೆ ಇರುವುದು ಒಂದೇ ದೊಡ್ಡ ಬಂಡೆಯ ಮೇಲೆ. ಮೊದಲು ಮೆಟ್ಟಿಲು, ಆಮೇಲೆ ಬೋಳು ಕಲ್ಲು. ನಾನು ಏದುಸಿರು ಬಿಡುತ್ತಿದ್ದರೆ ಗಂಗವ್ವ ಸರಸರನೆ ಹತ್ತಿದಳು. ತುದಿಯಲ್ಲಿ ಪಾಳುಬಿದ್ದ ಗೋಡೆಗಳು, ಮಳೆನೀರಿನ ಹೊಂಡ. ಕೆಳಗೆ ಊರು, ಗದ್ದೆ. ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಕೈ ತೊಳೆದು ತಿರುಗುವಷ್ಟರಲ್ಲಿ ಗಂಗವ್ವ ಇರಲಿಲ್ಲ.

ಶಿವಾನಂದ ಸಿಕ್ಕವರನ್ನೆಲ್ಲ ತೆಲುಗಿನಲ್ಲಿ ಕೇಳಿದ, "ಅಮ್ಮಾ, ಎಕ್ಕಡುನ್ನಾವ್?", ಎಲ್ಲಿದ್ದೀಯಾ ಎಂದು ತೆಲುಗಿನಲ್ಲೇ ಕೂಗುತ್ತ ಓಡಾಡಿದ. ಅವರ ಮನೆಯ ರೂಢಿಯೇ ಅದು. ಹೊಸ್ತಿಲೊಳಗೆ ಕನ್ನಡ, ದಾಟಿದರೆ ತೆಲುಗು. ಮನೆಯಲ್ಲಿ ಅವ್ವ ಎನ್ನುವವನಿಗೆ ಬೀದಿಯಲ್ಲಿ ಅಮ್ಮ ಎಂದೇ ಬಾಯಿಗೆ ಬರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಬಿದಿರು ಕೋಲು ತಂದು ಹೊಂಡ ಕೆದಕತೊಡಗಿದ. ಶಿವಾನಂದ ಹೊಂಡದ ದಂಡೆಗೆ ಓಡಿದ.

ನನಗೆ ತೆಲುಗು ಅಷ್ಟಕ್ಕಷ್ಟೆ. ಗಾಬರಿಯಲ್ಲಿ ಅದೂ ಹಾರಿಹೋಗಿ, ಗಂಗಮ್ಮಾರೇ ಎಲ್ಲಿದ್ದೀರಾ ಎಂದು ನಮ್ಮ ಮೈಸೂರು ಕಡೆಯ ಕನ್ನಡದಲ್ಲೇ ಕಿರುಚಿದೆ. ಪಕ್ಕದ ಗೋಡೆಯ ಹಿಂದಿನಿಂದ, ಇಲ್ಲೇ ಅದೀನವ್ವಾ ಎಂದು ಉತ್ತರ ಬಂತು. ಹೋಗಿ ನೋಡಿದರೆ ಬಂಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ರಟ್ಟೆ ಹಿಡಿದು ಹಿಂದಕ್ಕೆಳೆದೆ. ಇಷ್ಟು ಹೊತ್ತು ಕೂಗಿದ್ದು ಕೇಳಿಸಲಿಲ್ಲವೇ ಎಂದು ರೇಗಿದೆ.

"ಕೇಳಿಸ್ತವ್ವಾ. ಯಾರೋ ಪಾಪ ತಮ್ಮ ತಾಯಿನ್ನ ಹುಡುಕಾಕತ್ತಿದ್ರು. ನಮ್ಮವರಲ್ಲಂತ ಸುಮ್ನ ಕುಂತೆ."

ನನ್ನ ಹಿಂದೆಯೇ ಓಡಿಬಂದಿದ್ದ ಶಿವಾನಂದನ ಕಿವಿಗೂ ಅದು ಬಿತ್ತು. ಇಳಿಯುವಾಗ ಅವಳ ಕೈ ಬಿಡಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಗಟ್ಟಿಯಾಗಿ ಕನ್ನಡದಲ್ಲೇ ಮಾತಾಡುತ್ತ ಬಂದ. ನೀರು ಬೇಕೇನವ್ವಾ, ಬಿಸಿಲು ಬಡೀತೈತೇನವ್ವಾ ಎಂದು ಒಂದೇ ಸಮನೆ ಕೇಳಿದ. ಗಂಗವ್ವ ಅವನನ್ನೇ ನೋಡುತ್ತಿದ್ದಳು. ಘಟ್‌ಕೇಸರ್ ದಾಟಿದ ಮೇಲೆ ಸೆರಗು ಸರಿಮಾಡಿಕೊಂಡು, ಪರಗಂಡಸಿನೊಡನೆ ಮಾತಾಡುವ ಮರ್ಯಾದೆಯಲ್ಲಿ ಕೇಳಿದಳು:

"ಕನ್ನಡ ಭಾಳ ಛಲೋ ಮಾತಾಡ್ತೀರಿ. ಯಾವೂರ್ರಿ ನಿಮ್ಮದು?"