ಗಾಜಿನ ಅಂಚಿಗೆ ವಿಭೂತಿ

...ಆದರೆ ತಪ್ಪು ಗಾಜಿನದಲ್ಲ ಅಂತ ಶಾಮಲಾ ಮೇಡಂಗೆ ಆಗಲೇ ಗೊತ್ತಿತ್ತು, ನೋಡಿ. ತಾರ್ನಾಕದ ಹಳೇ ಲ್ಯಾಬಿನಲ್ಲಿ ಅವರು ಕಟ್ಟುತ್ತಿದ್ದದ್ದು ಡಿಟೆಕ್ಟರು: ಎರಡು ಗಾಜಿನ ಹಾಳೆ, ನಡುವೆ ಕಿರಿದಾದ ಸಂದು, ಸಂದಿನಲ್ಲಿ ಗ್ಯಾಸು, ಹೊರಗಿನಿಂದ ಭಾರಿ ವೋಲ್ಟೇಜು. ಆಕಾಶದಿಂದ ಬಂದ ಕಣವೊಂದು ಹಾದುಹೋದರೆ ಸಣ್ಣ ಮಿಡಿತ ಕಾಣಬೇಕು. ಎಂಥ ಕೆಲಸ ಅಂತೀರಿ! ಜತೆಗಿದ್ದ ಹುಡುಗರೆಲ್ಲ ಒಬ್ಬೊಬ್ಬರಾಗಿ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಗಳಿಗೆ ಜಾರಿಕೊಂಡಿದ್ದರು. ಉಳಿದವರು ಮೇಡಂ ಮತ್ತು ಗಾಜು ಅಂಟಿಸುವ ರಾಯಚೂರಿನ ಗುರುಸಿದ್ದಪ್ಪ. ದಸರೆ ಮುಗಿದ ಮೇಲೆ ಸಮಿತಿಯೊಂದರ ಮುಂದೆ ಡಿಟೆಕ್ಟರಿನ ಪರೀಕ್ಷೆ. ಪಾಸಾದರೆ ದೊಡ್ಡ ಪ್ರಯೋಗದಲ್ಲಿ ಜಾಗ. ಇಲ್ಲವಾದರೆ ಲ್ಯಾಬಿಗೆ ಬೀಗ, ಗುರುಸಿದ್ದಪ್ಪನ ಗುತ್ತಿಗೆ ನೌಕರಿಗೂ ಎಳ್ಳುನೀರು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಗಾಜು ಮೇಜಿನ ಮೇಲೆ ಇನ್ನೂ ತೆರೆದೇ ಇತ್ತು. ಗುರುಸಿದ್ದಪ್ಪ ಊದಿನಕಡ್ಡಿ, ವಿಭೂತಿ ಹಿಡಿದು ಬಂದ.

"ಮೇಡಂ, ಪಂಪಿಗೆ, ಸ್ಕ್ರೂಡ್ರೈವರಿಗೆ ಪೂಜಿ ಆತ್ರಿ. ಇದಕ್ಕಷ್ಟ ಇಲ್ಲಂದ್ರ ಹೆಂಗ್ರಿ? ಮನಿ ಮಗಳಿದ್ದಂಗ ಐತಿ."

"ಧೂಳ ಕೂತ್ರ ಒಳಗ ಕಿಡಿ ಹಾರತಾವ, ಮುಗೀತು, ಗುರುಸಿದ್ದಪ್ಪ."

"ವಿಭೂತಿಗೆ ಧೂಳ ಅಂತೀರಲ್ರಿ! ಶಿವ ಮೂರನೇ ಕಣ್ಣು ತೆಗದಾನು!"

ಮೇಡಂ ನಕ್ಕುಬಿಟ್ಟರು. "ಅಂಚಿಗೆ ಅಷ್ಟ ಹಚ್ಚು, ಮಾರಾಯಾ."

ಅಂಚಿಗೇ ಹಚ್ಚಿದ. ಆದರೆ ಮೇಲೆ ಫ್ಯಾನು ತಿರುಗುತ್ತಿತ್ತು. ಆಮೇಲೆ ಇಬ್ಬರೂ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಅಂಟಿಸಿದರು.

ಪರೀಕ್ಷೆಯ ದಿನ ವೋಲ್ಟೇಜು ಏರಿಸಿದಂತೆಲ್ಲ ಸೋರುವ ಕರೆಂಟೂ ಏರಿತು. ಒಳಗೆ ಚಟಪಟ ಕಿಡಿ. ಆ ಗದ್ದಲದಲ್ಲಿ ಆಕಾಶದ ಕಣ ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ಗಾಜು ಕಳಪೆಯೇ ಎಂದು ಸಮಿತಿಯವರು ಕೇಳಿದರು. ಮೇಡಂ ಹೌದು ಅಂದಿದ್ದರೆ ಇನ್ನೊಂದು ಅವಕಾಶ ಸಿಗುತ್ತಿತ್ತೋ ಏನೋ.

ಬಾಗಿಲ ಬಳಿಯಿಂದ ಗುರುಸಿದ್ದಪ್ಪ, "ತಪ್ಪು ನಂದ್ರಿ..." ಎಂದು ಶುರು ಮಾಡಿದ.

"ನೀ ಸುಮ್ನಿರು. ಪೂಜಿಗೆ ಹೂಂ ಅಂದಾಕಿ ನಾನು."

ತೆರೆದ ಗಾಜಿನ ಹತ್ತಿರ ಪೂಜೆಗೆ ತಾವೇ ಒಪ್ಪಿದ್ದಾಗಿ ಮೇಡಂ ಸಮಿತಿಗೆ ಹೇಳಿದರು. ಒಬ್ಬರು ಕಿಸಕ್ಕನೆ ನಕ್ಕರು. ಸೋತದ್ದಕ್ಕಿಂತ ಆ ನಗು ಅವರನ್ನು ಹೆಚ್ಚು ಸುಟ್ಟಿತು.

ಲ್ಯಾಬಿಗೆ ಬೀಗ ಬಿತ್ತು. ಗುರುಸಿದ್ದಪ್ಪ ಈಗ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರೊಂದರಲ್ಲಿ ಬೆಂಚು ರಿಪೇರಿ ಮಾಡುತ್ತಾನೆ. ಮೇಡಂ ಹೋಗಿ ಕರೆದರೆ, "ಬ್ಯಾಡ್ರಿ. ನನ್ನ ಕೈ ಮುಟ್ಟಿದ್ರ ಮತ್ತ ಕೆಡತೈತ್ರಿ," ಎಂದು ಮುಖ ತಿರುಗಿಸಿದ.

ಲ್ಯಾಬಿನ ಪಕ್ಕದ ಸ್ಟೋರಿನ ಮೂಲೆಯಲ್ಲಿ, ಫ್ಯಾನು ಆರಿಸಿ, ಬೆವರುತ್ತ, ಮೇಡಂ ಮತ್ತೆ ಗಾಜು ಒರೆಸುತ್ತಿದ್ದಾರೆ. ಅಂಟಿಸಲು ಮಾತ್ರ ಒಬ್ಬರಿಂದ ಆಗುವುದಿಲ್ಲ. ತಾರ್ನಾಕದ ಕಡೆ ಹೋದರೆ ಒಮ್ಮೆ ಅವರನ್ನು ಭೇಟಿಯಾಗಿ ಬನ್ನಿ. ಕೈ ತೊಳೆದುಕೊಂಡು, ಆ ಗಾಜಿನ ಇನ್ನೊಂದು ಅಂಚು ಹಿಡಿಯಿರಿ.