ಅಂಗಾಲಿನ ಹಳದಿ

ಶಿಡ್ಲಘಟ್ಟದ ನಮ್ಮ ಮನೆಯ ಜಗಲಿಯ ಮೇಲೆ ಭಾನುವಾರ ಬೆಳಿಗ್ಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ವಾರದ ಆರು ದಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಏಳನೆಯ ದಿನ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಸಾದಲಿ ಕಡೆಯಿಂದ ಬಂದ ತೆಲುಗಿನವರು "ಸಾಮೀ, ಪಚ್ಚಕಾಮೆರ್ಲು" ಎನ್ನುತ್ತಿದ್ದರು. ನಮ್ಮ ಬೀದಿಯಲ್ಲೇ ರೇಷ್ಮೆ ಬಿಚ್ಚುವ ಮನೆಗಳ ಸಾಬರು "ಪೀಲಿಯಾ ಆಗೋಗಿದೆ ಸಾರ್" ಎನ್ನುತ್ತಿದ್ದರು. ಅಪ್ಪ ಎಲ್ಲರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ನೋಡಿ, ಅವರವರ ಭಾಷೆಯಲ್ಲೇ "ಮೂರು ಭಾನುವಾರ" ಎಂದು ಹೇಳುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಔಷಧಿ ಫಲಿಸಬೇಕಾದರೆ ಪುಕ್ಕಟೆ ಕೊಡಬೇಕು ಎಂದು ತಾತ ಹೇಳಿಕೊಟ್ಟಿದ್ದರಂತೆ. ಊರಿನಲ್ಲಿ ಅಪ್ಪನಿಗೆ ಸಿಗುತ್ತಿದ್ದ ಮರ್ಯಾದೆ ಅವರ ಮೇಲಧಿಕಾರಿಗೂ ಸಿಗುತ್ತಿರಲಿಲ್ಲ.

ಔಷಧಿ ಅರೆಯುವವಳು ನಾನು. ನೆಲನೆಲ್ಲಿಯ ಜೊತೆ ಇನ್ನೊಂದು ಬೇರು ಸೇರಿಸಿ ಅರೆದು, ಗೋಲಿಯಷ್ಟು ಉಂಡೆ ಮಾಡಿ, ಮಜ್ಜಿಗೆಯಲ್ಲಿ ಕದಡಿ ಬರಿ ಹೊಟ್ಟೆಯಲ್ಲಿ ಕುಡಿಸಬೇಕು. ಆಮೇಲೆ ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ. ಔಷಧಿ ಕುಡಿಸಿದ ಕೂಡಲೇ ಎಲ್ಲರೂ ಕಾದಿರುತ್ತಿದ್ದ ಕೈ ತೊಳೆಯುವ ಕೆಲಸ. ಅಪ್ಪ ರೋಗಿಯ ಕೈಗೆ ಯಾವುದೋ ಕಂದು ನೀರು ಸವರುತ್ತಿದ್ದರು, ನಾನು ಚೊಂಬಿನಿಂದ ಸುಣ್ಣದ ತಿಳಿನೀರು ಹಾಕುತ್ತಿದ್ದೆ. ಕೆಳಗಿಟ್ಟ ಬಟ್ಟಲಿಗೆ ಹಳದಿ ನೀರು ಇಳಿಯುತ್ತಿತ್ತು. "ಅಯ್ಯಪ್ಪಾ, ಎಷ್ಟು ಇತ್ತು ನೋಡ್ರೋ ಒಳಗಡೆ!" ಎಂದು ಜಗಲಿ ಪೂರ್ತಿ ಬಗ್ಗಿ ನೋಡುತ್ತಿತ್ತು.

ಆ ಕಂದು ನೀರು ರಾತ್ರಿಯೆಲ್ಲ ಮಾವಿನ ಮರದ ಚಕ್ಕೆ ನೆನೆಹಾಕಿದ ನೀರು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ನನ್ನ ಕೈಗೇ ಸವರಿಕೊಂಡು ಸುಣ್ಣದ ನೀರು ಹಾಕಿಕೊಂಡೆ. ಕೆಮ್ಮಿಲ್ಲ, ನೆಗಡಿಯಿಲ್ಲ, ರಾಗಿಮುದ್ದೆ ಎರಡು ನುಂಗುವ ಗಟ್ಟಿಗಿತ್ತಿ ನಾನು. ನನ್ನ ಕೈಯಿಂದಲೂ ಅಷ್ಟೇ ಹಳದಿ ಇಳಿಯಿತು. ಹೆದರಿ ಅಪ್ಪನ ಹತ್ತಿರ ಓಡಿದೆ. ಅಪ್ಪ ನಕ್ಕು, "ನಿನ್ನೊಳಗೂ ಚೂರು ಇತ್ತು ಕಣಮ್ಮ. ಒಳ್ಳೇದಾಯ್ತು ಬಿಡು, ಇಳೀತು" ಎಂದರು. ನಂಬಿದೆ. ನಂಬಿದ್ದಷ್ಟೇ ಅಲ್ಲ, ಕಾಮಾಲೆ ಬರುವುದಕ್ಕೆ ಮೊದಲೇ ಅಪ್ಪ ನನ್ನನ್ನು ಕಾಪಾಡಿಬಿಟ್ಟರು ಎಂದು ಸ್ಕೂಲಿನಲ್ಲಿ ಜಂಬ ಕೊಚ್ಚಿಕೊಂಡೆ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಗುಣವಾದವರು ಬಾಳೆಹಣ್ಣು, ಹೂವು ಹಿಡಿದು ಬಂದು ಕಾಲಿಗೆ ಬೀಳುತ್ತಿದ್ದರು. ಮತ್ತೆ ಬಾರದವರನ್ನೂ ನಾವು ಗುಣವಾದವರ ಲೆಕ್ಕಕ್ಕೇ ಸೇರಿಸುತ್ತಿದ್ದೆವು. ಅವರು ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದವರ ಜೊತೆ ಮದುವೆಯಾಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಏಳನೇ ತಿಂಗಳಿಗೆ ಅಮ್ಮ ಕರೆದುಕೊಂಡು ಬಂದರು. ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮಾರನೇ ದಿನವೇ ಮನೆಗೆ ಬಂದೆವು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದರು. ಗಾಳಿ ತಗುಲಬಾರದು, ದೃಷ್ಟಿ ತಾಗಬಾರದು. ಒಳಗೆ ಉರಿಯುತ್ತಿದ್ದುದು ಒಂದು ಜೀರೋ ಕ್ಯಾಂಡಲ್ ಬಲ್ಬು. ನೀರೆರೆಯಲು ಬರುತ್ತಿದ್ದ ಅಜ್ಜಿ ಮಗುವಿಗೆ ಎಣ್ಣೆ ತಿಕ್ಕಿ, ಮೈಗೆಲ್ಲ ಅರಿಶಿನ ಹಚ್ಚಿ ನೀರು ಹಾಕುತ್ತಿದ್ದಳು. ನನಗೂ ಅರಿಶಿನ, ಹಾಸಿದ ಹಳೇ ಸೀರೆಗೂ ಅರಿಶಿನ. ಆ ಕೋಣೆಯಲ್ಲಿ ಹಳದಿಯಲ್ಲದ್ದು ಯಾವುದೂ ಇರಲಿಲ್ಲ. ಕಾಮಾಲೆಗೆ ಹೆಸರಾದ ಮನೆಯಲ್ಲೇ ಕಾಮಾಲೆ ಬಂದು ಮಲಗಿದರೂ ಕಾಣದ ಹಾಗೆ ನಾವೇ ಎಲ್ಲ ವ್ಯವಸ್ಥೆ ಮಾಡಿಟ್ಟಿದ್ದೆವು.

ಮಗು ಅಳುತ್ತಿರಲಿಲ್ಲ. ಹಾಲು ಕೊಟ್ಟರೆ ಎರಡು ಗುಟುಕು ಎಳೆದು ನಿದ್ದೆ ಹೋಗುತ್ತಿತ್ತು. "ಎಂಥ ಸಾಧು ಮಗು ಹೆತ್ತಿದೀಯ ಕಣೇ, ತಾಯಿಗೆ ಒಂಚೂರೂ ಕಾಟ ಇಲ್ಲ" ಎಂದು ಅಜ್ಜಿ ಹೊಗಳಿದಳು. ನನಗೂ ಹೆಮ್ಮೆಯೇ.

ನಾಲ್ಕನೇ ದಿನ ನೀರೆರೆದ ಮೇಲೆ ಅಜ್ಜಿ ಮಗುವನ್ನು ಒರೆಸುತ್ತಾ ಹಿತ್ತಲ ಬಾಗಿಲಿನ ಹತ್ತಿರ ಕೂತಿದ್ದಳು. ಬೆಳಗಿನ ಬಿಸಿಲು ಮಗುವಿನ ಮುಖದ ಮೇಲೆ ಬಿತ್ತು. ಮಗು ಒಂದು ಸಲ ಕಣ್ಣು ಬಿಟ್ಟಿತು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಕಣ್ಣಿಗೆ ಯಾರೂ ಅರಿಶಿನ ಹಚ್ಚುವುದಿಲ್ಲವಲ್ಲ.

"ಅಪ್ಪಾ, ಇಲ್ಲಿ ಬನ್ನಿ, ಮಗು ಕಣ್ಣು ನೋಡಿ" ಎಂದು ಕೂಗಿದೆ.

ಅಪ್ಪ ಬಂದರು. ಕಣ್ಣು ನೋಡಿದರು. ಆಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗುವಿನ ಬಲಗಾಲನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳು ತೆಗೆದು ಅಲ್ಲಿನ ಬಣ್ಣವನ್ನು ನೋಡಿದರು. ಎಡಗಾಲನ್ನೂ ಹಾಗೇ ನೋಡಿದರು. ಅಷ್ಟು ವರ್ಷ ಪಕ್ಕದಲ್ಲಿ ನಿಂತು ಚೊಂಬು ಹಿಡಿದವಳು ನಾನು, ಅಪ್ಪ ಯಾರ ಅಂಗಾಲನ್ನೂ ಒತ್ತಿ ನೋಡಿದ್ದನ್ನು ಕಂಡಿರಲಿಲ್ಲ.

"ಆಸ್ಪತ್ರೆಗೆ ತೋರಿಸೋಣ್ವಾ ಅಪ್ಪ?"

"ಬೇಡಮ್ಮ. ಎಳೇ ಮಕ್ಕಳಿಗೆ ಇದೆಲ್ಲ ಬರುತ್ತೆ, ಹೋಗುತ್ತೆ. ನಾಡಿದ್ದು ಭಾನುವಾರ, ನಿನಗೆ ಔಷಧಿ ಕೊಡ್ತೀನಿ. ಹಾಲಿನ ಮೂಲಕ ಅದಕ್ಕೆ ಹೋಗುತ್ತೆ" ಎಂದರು. ನನ್ನ ಮುಖ ನೋಡದೆ ಹೇಳಿದರು. ಅದನ್ನೂ ಆಗ ಗಮನಿಸಲಿಲ್ಲ.

ಭಾನುವಾರ ಬಂತು. ಜಗಲಿಯ ತುಂಬಾ ಜನ. ಒಳಗೆ ನಾನು ಆ ಕಹಿ ಮಜ್ಜಿಗೆ ಕುಡಿದು, ಉಪ್ಪಿಲ್ಲದ ಅನ್ನ ತಿಂದೆ. ಏಳನೇ ದಿನ ಮಗು ಅತ್ತಿತು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಕೀರಲು, ಒಂದೇ ಸಮ. ಕತ್ತು ಹಿಂದಕ್ಕೆ ಎಳೆದುಕೊಂಡು ಬೆನ್ನು ಬಿಲ್ಲಿನ ಹಾಗೆ ಬಾಗಿತು. ಅದೇ ಹೊತ್ತಿಗೆ ಮಗು ನೋಡಲೆಂದು ಗೌರಿಬಿದನೂರಿನಿಂದ ನಮ್ಮ ಮನೆಯವರು ಬಂದಿದ್ದರು. ಅವರು ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, ಬಾಣಂತಿಯಾದ ನನ್ನನ್ನೂ ಹೊರಡಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದರು.

ಅಲ್ಲಿ ಮಕ್ಕಳ ಡಾಕ್ಟರಮ್ಮ ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಏಳು ದಿನ ಏನ್ ಮಾಡ್ತಾ ಇದ್ರಿ?" ಎಂದರು. ಬೆಂಗಳೂರಿಗೆ ಚೀಟಿ ಬರೆಯುತ್ತಲೇ ಬಿಡಿಸಿ ಹೇಳಿದರು. ದೊಡ್ಡವರ ಕಾಮಾಲೆ ಬೇರೆಯಂತೆ. ನಮ್ಮ ಕಡೆ ಹೆಚ್ಚಾಗಿ ಕೊಳಕು ನೀರಿನಿಂದ ಲಿವರಿಗೆ ಸೋಂಕು ತಗುಲಿ ಬರುತ್ತದೆ. ಸುಧಾರಿಸಿಕೊಂಡರೆ ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಒಳಗೆ ಕಲ್ಲೋ ಗಡ್ಡೆಯೋ ಮತ್ತೊಂದೋ ಇರಬಹುದು, ನೋಡಿಸಲೇಬೇಕು. ಹುಟ್ಟಿದ ಮಗುವಿನದು ಹಾಗಲ್ಲ. ರಕ್ತದ ಕಣಗಳು ಒಡೆದಾಗ ಹಳದಿ ಹುಟ್ಟುತ್ತದೆ, ಅದನ್ನು ಹೊರಗೆ ಹಾಕುವಷ್ಟು ಮಗುವಿನ ಲಿವರು ಬಲಿತಿರುವುದಿಲ್ಲ. ಸ್ವಲ್ಪ ಹಳದಿ ಬಹಳ ಮಕ್ಕಳಿಗೆ ಬಂದು ಹೋಗುತ್ತದೆ. ತಾಯಿಯ ರಕ್ತದ ಗುಂಪಿಗೂ ಮಗುವಿನ ಗುಂಪಿಗೂ ಹೊಂದದಿದ್ದರೆ ಬೇಗ ಏರುತ್ತದೆ. "ಮುಖದಿಂದ ಶುರುವಾಗಿ ಕೆಳಗೆ ಇಳಿಯುತ್ತಮ್ಮ. ಅಂಗಾಲಿಗೆ ಬಂತು ಅಂದ್ರೆ ಒಂದು ದಿನಾನೂ ಕಾಯಬಾರದು. ನೀಲಿ ದೀಪದ ಕೆಳಗೆ ಮಲಗಿಸಿದ್ರೆ ಕರಗುತ್ತೆ. ಬಿಟ್ರೆ ಮೆದುಳಿಗೆ ಹೋಗಿ ಕೂರುತ್ತೆ."

ಅಷ್ಟೆಲ್ಲ ಕೇಳುವಾಗಲೂ ನನ್ನ ಹಾಳು ತಲೆಗೆ ಹೊಳೆದದ್ದು ಒಂದೇ. ಅಪ್ಪನೂ ಹೀಗೇ ಅಂಗಾಲು ಒತ್ತಿ ನೋಡಿದರಲ್ಲ, ನಮ್ಮಪ್ಪನಿಗೆ ಡಾಕ್ಟರಷ್ಟೇ ಗೊತ್ತು! ಮಗು ತೊಡೆಯ ಮೇಲೆ ಬಾಗಿಕೊಂಡು ಕಿರುಚುತ್ತಿತ್ತು, ನಾನು ಅಪ್ಪನ ಬಗ್ಗೆ ಹೆಮ್ಮೆ ಪಡುತ್ತಿದ್ದೆ.

ಬೆಂಗಳೂರಿನಲ್ಲಿ ಮಗುವಿನ ರಕ್ತ ಬದಲಾಯಿಸಿದರು, ದೀಪದ ಕೆಳಗೆ ಮಲಗಿಸಿದರು. ಜೀವ ಉಳಿಯಿತು. ಕಿವಿ ಉಳಿಯಲಿಲ್ಲ. ಅದು ನಮಗೆ ಗೊತ್ತಾಗಿದ್ದು ಮಗುವಿಗೆ ಹತ್ತು ತಿಂಗಳಾದಾಗ. ಕುಕ್ಕರ್ ಕೂಗಿದರೂ, ಬಾಗಿಲು ದಢಾರನೆ ಬಡಿದರೂ ಅವಳು ತನ್ನ ಪಾಡಿಗೆ ಆಡುತ್ತಿದ್ದಳು. ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಹೋಗಿದ್ದವು. ಅಪ್ಪ ಬಂದು ಅವಳ ತಲೆ ಸವರಿ, "ದೇವರಿಚ್ಛೆ ಕಣಮ್ಮ, ನಮ್ಮ ಕೈಲೇನಿದೆ" ಎಂದರು. ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಇನ್ನೂ ಆರು ವರ್ಷ ಕಳೆಯಿತು. ಆ ವರ್ಷ ಅವರೆಕಾಯಿ ಕಾಲದಲ್ಲಿ ಮಗಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಅಣ್ಣನ ಮನೆಗೆ ಹೋಗಿದ್ದೆ. ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕುತ್ತಾ ಅತ್ತಿಗೆಯೂ ನಾನೂ ಕೂತಿದ್ದೆವು. ಅವರ ಮಗ ನನ್ನ ಮಗಳಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಚಿಂತಾಮಣಿಯಲ್ಲಿ ಅವರ ತವರಿನಲ್ಲಿ ಹುಟ್ಟಿದವನು. ಅವನು ರೇಡಿಯೋ ಜೋರು ಮಾಡಿದ. ಅತ್ತಿಗೆ ಗದರಿಸಿ, ನನ್ನ ಕಡೆ ತಿರುಗಿ, "ಇವನೂ ಹುಟ್ಟಿದಾಗ ಹಂಗೇ ಹಳದಿ ಇದ್ದ ಕಣೇ. ಪುಣ್ಯಕ್ಕೆ ಮಾವ ಮೂರನೇ ದಿನಕ್ಕೇ ಬಂದ್ರಲ್ಲ. ನೋಡಿದವ್ರೇ, ಬೆಂಗ್ಳೂರಿಗೆ ನಡೀರಿ ಅಂತ ಕಾರ್ ಮಾಡಿಸಿ ಕರ್ಕೊಂಡು ಹೋದ್ರು. ನಾಲ್ಕು ದಿನ ದೀಪದ ಕೆಳಗೆ ಮಲಗ್ಸಿದ್ರು" ಎಂದರು.

ನನ್ನ ಕೈ ನಿಂತಿತು. ಅವನು ಹುಟ್ಟಿದಾಗ ಗೌರಿಬಿದನೂರಿಗೆ ನನಗೆ ಬಂದಿದ್ದ ಇನ್‌ಲ್ಯಾಂಡ್ ಲೆಟರಿನಲ್ಲಿ ಅಪ್ಪ ಮಗುವಿಗೆ ಏನೋ ಹರಕೆ ಇತ್ತು, ಒಂದು ವಾರ ಓಡಾಟವಾಯಿತು ಎಂದು ಬರೆದಿದ್ದರು.

"ಯಾವ ಮಾವ? ನಮ್ಮಪ್ಪಾನಾ?"

"ಇನ್ಯಾರು? ಅಲ್ಲಿ ಡಾಕ್ಟ್ರು ಅಂಗಾಲು ಒತ್ತಿ, ನೋಡಿ ಯಜಮಾನ್ರೇ, ಇಲ್ಲಿಗೆ ಬಂದ್ರೆ ತಡ ಮಾಡ್ಬಾರ್ದು ಅಂತ ಮಾವನ ಕೈಲೇ ಒತ್ತಿಸಿ ತೋರಿಸಿದ್ರು" ಎಂದ ಅತ್ತಿಗೆ ನನ್ನ ಮುಖ ನೋಡಿ ಗಾಬರಿಯಾದರು. "ಯಾಕೇ? ನಿಂಗೆ ಗೊತ್ತಿರ್ಲಿಲ್ವಾ? ಯಾರಿಗೂ ಹೇಳ್ಬೇಡ ಅಂದಿದ್ರು, ಆದ್ರೆ ನೀನು ಮನೆ ಮಗಳಲ್ವಾ..."

ಮನೆ ಮಗಳು! ದೇವರಿಚ್ಛೆ ಎಂದು ಅಷ್ಟು ವರ್ಷ ನಾನು ದೇವರನ್ನು ಬೈದಿದ್ದೆ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತೇನೋ ಎಂದು ನನ್ನನ್ನೇ ಬೈದುಕೊಂಡಿದ್ದೆ. ಅಪ್ಪನನ್ನು ಒಂದೇ ಒಂದು ಸಲ ಅನುಮಾನಿಸಿರಲಿಲ್ಲ.

ಮರುದಿನ ಭಾನುವಾರ. ಮೊದಲ ಬಸ್ಸಿಗೆ ಮಗಳ ಕೈ ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ಜಗಲಿಯ ಮೇಲೆ ಆಗಲೇ ಹತ್ತು ಹನ್ನೆರಡು ಜನ ಇದ್ದರು. ಅಪ್ಪ ಒಳಗೆ ಚಕ್ಕೆಯ ನೀರು ಸೋಸುತ್ತಿದ್ದರು.

"ಚಿಂತಾಮಣಿ ಮಗೂನ ಬೆಂಗ್ಳೂರಿಗೆ ಕರ್ಕೊಂಡು ಹೋಗಿದ್ರಂತೆ" ಎಂದೆ.

ಅಪ್ಪ ಸೋಸುವುದನ್ನು ನಿಲ್ಲಿಸಿದರು. ಅಡುಗೆಮನೆ ಬಾಗಿಲಿನಲ್ಲಿ ಅಮ್ಮ ಬಂದು ನಿಂತರು. ಅಮ್ಮನಿಗೂ ಗೊತ್ತಿತ್ತು ಎಂದು ಅವರು ನಿಂತ ರೀತಿಯಲ್ಲೇ ತಿಳಿಯಿತು.

"ನನ್ನ ಮಗಳ ಅಂಗಾಲು ಒತ್ತಿ ನೋಡಿದ್ರಲ್ಲ ಅಪ್ಪ. ಗೊತ್ತಿದ್ದೇ ಒತ್ತಿದ್ರಲ್ಲ. ಯಾಕೆ ಕಳಿಸಲಿಲ್ಲ?"

ಅಪ್ಪ ಜಗಲಿಯ ಕಡೆ ಕೈ ತೋರಿಸಿದರು. "ಚಿಂತಾಮಣೀಲಿ ನನ್ನ ಯಾರು ನೋಡ್ತಿದ್ರಮ್ಮ? ಇಲ್ಲಿ ಇಷ್ಟು ಜನ ಕೂತಿರ್ತಾರೆ. ನನ್ನ ಮನೆ ಮಗೂನೇ ನಾನು ಆಸ್ಪತ್ರೆಗೆ ಕಳಿಸಿದ್ರೆ ಇವರೆಲ್ಲ ಏನಂದುಕೊಳ್ತಾರೆ? ಎರಡು ದಿನದಲ್ಲಿ ಇಳಿಯುತ್ತೆ ಅಂದುಕೊಂಡೆ ಕಣಮ್ಮ. ಇಳಿಯುತ್ತೆ ಅಂತಲೇ ಅಂದುಕೊಂಡೆ."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೆಲ್ಲಗೆ ಮಾತಾಡೇ, ಹೊರಗೆ ಜನ ಇದಾರೆ" ಎಂದರು. ಆವತ್ತೂ ಅವರಿಗೆ ಹೊರಗಿನ ಜನರದ್ದೇ ಚಿಂತೆ.

ಅಪ್ಪ ಪಾತ್ರೆ ಎತ್ತಿಕೊಂಡು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಎಲ್ಲರ ಮುಂದೆ ಬಾಯಿಗೆ ಬಂದದ್ದು ಅಂದುಬಿಡಬೇಕು ಎಂದೇ ಹೋದೆ. ಮುಂದೆ ಕೂತಿದ್ದವಳು ಸಾದಲಿ ಕಡೆಯ ಒಬ್ಬ ಹುಡುಗಿ. ಮಡಿಲಲ್ಲಿ ಅರಿಶಿನ ಹಚ್ಚಿದ ಐದಾರು ದಿನದ ಮಗು. "ಪಾಲು ತಾಗಡಂ ಲೇದು ಸಾಮೀ" ಎಂದಳು. ಹಾಲು ಕುಡಿಯುತ್ತಿಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಪಾತ್ರೆ ಕೆಳಗಿಟ್ಟು, ಆ ಮಗುವಿನ ಕಾಲನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದು ನೋಡಿದರು. ನನ್ನ ಕಡೆ ನೋಡಲಿಲ್ಲ.

"ಇದು ನನ್ನ ಕೈಲಿ ಆಗಲ್ಲಮ್ಮ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದರು. ಜಗಲಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. ಮತ್ತೆ ಅದನ್ನೇ ತೆಲುಗಿನಲ್ಲೂ ಹೇಳಿದರು.

ಹುಡುಗಿ ಮಗುವನ್ನು ಎತ್ತಿಕೊಂಡು ಗಂಡನ ಜೊತೆ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಜಗಲಿಯ ಮೇಲೆ ಯಾರೂ ಪಿಸುಗುಡಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಅವಳ ಹಿಂದೆ ಕೂತಿದ್ದ ಮುದುಕ ಒಂದು ಮಾರು ಮುಂದಕ್ಕೆ ಸರಿದು, ಅಂಗಿಯ ತೋಳು ಮೇಲೆತ್ತಿ, ತೊಳೆಯಲೆಂದು ಎರಡೂ ಕೈ ಅಪ್ಪನ ಮುಂದೆ ಚಾಚಿದ.

ಅಂಗಳದಲ್ಲಿ ನನ್ನ ಮಗಳು ನಮಗೆ ಬೆನ್ನು ಮಾಡಿಕೊಂಡು ಕಲ್ಲು ಜೋಡಿಸುತ್ತಿದ್ದಳು. ಅಪ್ಪ ಅಭ್ಯಾಸಬಲದಿಂದ, "ಪುಟ್ಟೀ, ಚೊಂಬು ತಗೊಂಡು ಬಾರಮ್ಮ" ಎಂದು ಅವಳನ್ನು ಕರೆದರು. ಎರಡನೆಯ ಸಲವೂ ಕರೆದರು. ಮುದುಕ ಕೈ ಚಾಚಿಕೊಂಡೇ ಕಾಯುತ್ತಿದ್ದ. ನಾನು ಚೊಂಬು ಕೊಡಲಿಲ್ಲ.