ಕೊಯ್ದ ಎಂಜಿನ್

ಶಾಲೆಯ ವಾಹನ ಕ್ಲಬ್ಬಿಗೆ ಸೇರಿದಾಗ ಅಲ್ಲಿದ್ದ ಹುಡುಗಿ ನಾನೊಬ್ಬಳೇ. ಹುಡುಗರ ಕೈಗೆ ಸ್ಪ್ಯಾನರ್, ನನಗೆ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುವ ಕೆಲಸ. ಮನೆಯಲ್ಲಿ ಪಾತ್ರೆ, ಇಲ್ಲಿ ನಟ್ಟು! ಮೈಯೆಲ್ಲ ಉರಿಯುತ್ತಿತ್ತು.

ಕ್ಲಬ್ಬಿಗೆ ಎಂಜಿನ್ ಕೊಟ್ಟವರು ನನ್ನ ಅಪ್ಪ. ಕೇರಳ ಗಡಿಯ ಬಾವಲಿಯಿಂದ ಮಾನಂದವಾಡಿಗೆ ಜನರನ್ನು ಕರೆದೊಯ್ಯುತ್ತಿದ್ದ ಅವರ ಜೀಪು ಎಂಜಿನ್ ಕೆಟ್ಟು ಮೂರು ವರ್ಷದಿಂದ ಅಂಗಳದಲ್ಲೇ ನಿಂತಿತ್ತು. ಅಪ್ಪ ಕಾಫಿ ತೋಟದ ಕೂಲಿಗೆ ಹೋಗುತ್ತಿದ್ದರು. "ಮಕ್ಕಳು ಕಲೀಲಿ ಮಾಷೇ. ಓಡೋ ಹಂಗಾದ್ರೆ ನಂಗೇ ಕೊಡಿ," ಎಂದು ನಮ್ಮ ಮೇಷ್ಟರಿಗೆ ಹೇಳಿ ಎಂಜಿನ್ ಇಳಿಸಿ ಕಳಿಸಿದ್ದರು.

ಮೇಷ್ಟರು ಅದನ್ನು ಬಿಚ್ಚಿ ನೋಡಿದರು. ಸರಿಮಾಡಬಹುದು, ಆದರೆ ವರ್ಷವೇ ಹಿಡಿಯುತ್ತದೆ ಎಂದರು. ಅಡ್ಡಕ್ಕೆ ಕೊಯ್ದು ಬಣ್ಣ ಬಳಿದರೆ ಅದು ಮತ್ತೆ ಓಡದು, ಆದರೆ ಒಳಗೆ ಪಿಸ್ಟನ್ ಹೇಗೆ ಆಡುತ್ತದೆಂದು ಮುಂದಿನ ಮಕ್ಕಳೂ ಕಣ್ಣಾರೆ ನೋಡಬಹುದು. "ಅಪ್ಪನನ್ನು ಕೇಳಿ ಬಾ. ಒಪ್ಪಿದರೆ ಕೊಯ್ಯುವ ಕೆಲಸ ನಿನ್ನದೇ," ಎಂದು ಮಲಯಾಳದಲ್ಲಿ ಹೇಳಿದರು.

ನಾನು ಕೇಳಲಿಲ್ಲ. ಕೇಳಿದ್ದರೆ ಅಪ್ಪ ಬೇಡ ಎನ್ನುತ್ತಿದ್ದರು, ನಾನು ಮತ್ತೆ ನಟ್ಟು ತೊಳೆಯಬೇಕಾಗುತ್ತಿತ್ತು. ಮರುದಿನ ಮೇಷ್ಟರಿಗೆ, ಅಪ್ಪ ಆಯ್ತು ಅಂದರು ಎಂದೆ.

ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗೆರೆಯುದ್ದಕ್ಕೂ ತೂತು ಕೊರೆದು, ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿದೆ. ಎರಡು ತಿಂಗಳು ಹಿಡಿಯಿತು. ಅಂಗೈ ಬೊಬ್ಬೆ ಎದ್ದಿತ್ತು. ಅಷ್ಟು ಸಂತೋಷವಾಗಿ ನಾನು ಮತ್ತೆ ಯಾವ ಕೆಲಸವನ್ನೂ ಮಾಡಿಲ್ಲ. ಸಂಜೆ ಅಪ್ಪ, "ಎಲ್ಲಿಗೆ ಬಂತು ಮಗಳೇ?" ಎಂದು ಕೇಳುವರು. "ಇನ್ನು ಸ್ವಲ್ಪ ಇದೆ," ಎನ್ನುವೆ. ಸುಳ್ಳಿನಲ್ಲೂ ನನ್ನದು ಎತ್ತಿದ ಕೈ.

ಶಾಲೆಯ ಪ್ರದರ್ಶನಕ್ಕೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಎಂಜಿನ್ ಮೇಜಿನ ಮೇಲಿತ್ತು. ಹೊಟ್ಟೆ ಬಗೆದ ಕಡೆಗೆಲ್ಲ ಕೆಂಪು ಬಣ್ಣ. ಒಬ್ಬ ಹುಡುಗ ಹಿಡಿಕೆ ತಿರುಗಿಸುತ್ತಿದ್ದ, ಪಿಸ್ಟನ್‌ಗಳು ಸುಮ್ಮನೆ ಮೇಲೆ ಕೆಳಗೆ ಹೋಗುತ್ತಿದ್ದವು. ಅಪ್ಪ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು.

"ನಿಮ್ಮ ಮಗಳೇ ಕೊಯ್ದದ್ದು. ನೀವು ಒಪ್ಪಿದ್ದು ದೊಡ್ಡ ಉಪಕಾರ," ಎಂದರು ಮೇಷ್ಟರು.

ಅಪ್ಪ ನನ್ನ ಮುಖ ನೋಡಿದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. "ಮಕ್ಕಳು ಕಲೀಲಿ ಅಂತ ನಾನೇ ಹೇಳಿದ್ದು ಮಾಷೇ," ಎಂದರು ಅಪ್ಪ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಟಿಕೆಟ್ಟಿಗೆಂದು ಜೇಬಿಗೆ ಕೈಹಾಕಿದಾಗ ಚಿಲ್ಲರೆಯ ಜೊತೆ ಡ್ರೈವಿಂಗ್ ಲೈಸೆನ್ಸೂ ಬಂತು. ಅವಧಿ ಮುಗಿದಿದ್ದುದನ್ನು, ಹಿಂದಿನ ವಾರ ಕೂಲಿಗೆ ರಜೆ ಹಾಕಿ ಹೋಗಿ, ಹೊಸದು ಮಾಡಿಸಿಕೊಂಡಿದ್ದರು. ನನಗೆ ಹೇಳಿರಲಿಲ್ಲ.

ಅಪ್ಪ ಅದನ್ನು ಒಮ್ಮೆ ತಿರುಗಿಸಿ ನೋಡಿ ನನ್ನ ಕೈಗಿಟ್ಟರು.

"ಎಲ್ಲಾದ್ರೂ ಎತ್ತಿಡು ಮಗಳೇ," ಎಂದರು.